ಅತ್ತೆಯವರ ದನಿ ತೆಗೆಯಲು ಹೋಗಿ

ಹಗರಿಬೊಮ್ಮನಹಳ್ಳಿಯಲ್ಲಿ ನನಗೆ ಕಂಪ್ಯೂಟರ್ ಬರುತ್ತದೆ ಎಂಬ ಹೆಸರಿದೆ. ಈ ಹೆಸರು ಹೇಗೆ ಬಂತೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಕೀಲಿಕೈ ನನ್ನ ಹತ್ತಿರ ಇರುತ್ತದೆ. ಅಷ್ಟೇ! ಬೆಳಿಗ್ಗೆ ಬೀಗ ತೆಗೆಯುತ್ತೇನೆ, ಸಂಜೆ ಹಾಕುತ್ತೇನೆ. ನಡುವೆ ಒಳಗೆ ಏನು ನಡೆಯುತ್ತದೋ ನನಗೆ ತಿಳಿಯದು. ಆದರೆ ಕೀಲಿಕೈ ಹಿಡಿದವನಿಗೆ ಒಳಗಿನದೆಲ್ಲ ಗೊತ್ತಿರುತ್ತದೆ ಎಂದು ಜನ ನಂಬಿದರು. ಅವರು ಅಷ್ಟು ವರ್ಷ ನಂಬಿದ್ದನ್ನು ನೋಡಿ ನೋಡಿ ಕಡೆಗೆ ನಾನೂ ನಂಬಿದೆ. ತಪ್ಪಾದದ್ದು ಅಲ್ಲಿ.

ಮಗಳು ಸುಮಾ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಕೂಸು ಆಯಿತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಯಿತು. ಹರಪನಹಳ್ಳಿಯಿಂದ ಬೀಗರು ಒಂದು ಟೆಂಪೋ ತುಂಬ ಬರುವವರಿದ್ದರು. ಶಾಮಿಯಾನ ಹೇಳಿಯಾಗಿತ್ತು, ಅಡುಗೆಯವರು ಗೊತ್ತಾಗಿದ್ದರು, ತೊಟ್ಟಿಲಿಗೆ ಬಣ್ಣವೂ ಆಗಿತ್ತು. ಒಂದೇ ಕೊರತೆ. ಜೋಗುಳ.

ನನ್ನ ಹೆಂಡತಿ ರತ್ನಳ ತಾಯಿ ಹಾಲವ್ವ ಹಿರೇಹಡಗಲಿಯವರು. ಮೈಲಾರದಿಂದ ಹಡಗಲಿಯವರೆಗೆ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಮೊದಲು ಹಾಲವ್ವನಿಗೆ ಹೇಳಿ ಕಳಿಸುತ್ತಿದ್ದರು. ಆಕೆ ಜೋಗುಳ ಎತ್ತಿದರೆ ಕೂಸು ಇರಲಿ, ಕೂಸಿನ ಅಜ್ಜನೂ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದ. ಆದರೆ ಎರಡು ವರ್ಷದ ಹಿಂದೆ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಅವರು ಬರೀ ಪಿಸುಗುಟ್ಟುತ್ತಾರೆ. ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದರೆ ಮಾತ್ರ ತಿಳಿಯುತ್ತದೆ.

ಒಂದು ದಿನ ರತ್ನ ಒಂದು ಹಳೆಯ ಮೊಬೈಲು ಹಿಡಿದುಕೊಂಡು ಬಂದಳು. ಹನ್ನೆರಡು ವರ್ಷದ ಹಿಂದೆ, ಅವಳ ತಮ್ಮ ಕೊಟ್ರೇಶನ ಮಗನ ತೊಟ್ಟಿಲು ಕಾರ್ಯದಲ್ಲಿ, ಅತ್ತೆಯವರು ಹಾಡುವಾಗ ನಾನೇ ಅದರಲ್ಲಿ ವಿಡಿಯೋ ತೆಗೆದಿದ್ದೆ. ಹನ್ನೊಂದು ನಿಮಿಷದ ವಿಡಿಯೋ. ಅವರ ಹಾಡು ಉಳಿದದ್ದು ಈ ಜಗತ್ತಿನಲ್ಲಿ ಅದೊಂದೇ ಕಡೆ.

"ರೀ, ಅವ್ವನ ದನಿ ಇದರಾಗ ಐತಿ. ನಮ್ಮ ಮೊಮ್ಮಗಳನ್ನ ತೊಟ್ಟಿಲಿಗೆ ಹಾಕೂ ಮುಂದ ಇದನ್ನ ಸ್ಪೀಕರಿನ್ಯಾಗ ಹಚ್ಚಿದ್ರ ಹೆಂಗಿರತೈತಿ?"

ಹಚ್ಚಿ ನೋಡಿದೆವು. ಹಳೆಯ ಮೊಬೈಲಿನ ಸ್ಪೀಕರಿನಿಂದ ಒಂದು ಸೊಳ್ಳೆ ಹಾಡಿದಷ್ಟು ಸದ್ದು ಬಂತು. ಅದರ ಮೆಮೊರಿ ಕಾರ್ಡ್ ತೆಗೆದು ನನ್ನ ಹೊಸ ಮೊಬೈಲಿಗೆ ಹಾಕಿದೆ. ಚಿತ್ರ ಬಂತು, ಸದ್ದೇ ಇಲ್ಲ! ಅತ್ತೆಯವರು ನೀರಿನ ತೊಟ್ಟಿಯ ಮೀನಿನಂತೆ ಬಾಯಿ ತೆರೆಯುತ್ತಿದ್ದರು, ಮುಚ್ಚುತ್ತಿದ್ದರು.

"ಇದು ಹಳೇ ನಮೂನಿ ಫೈಲು," ಎಂದೆ ನಾನು ಗಂಭೀರವಾಗಿ. "ವಿಡಿಯೋದಾಗಿಂದ ಆಡಿಯೋ ಅಷ್ಟ ಹೊರಗ ತೆಗೀಬೇಕು. ಅದನ್ನ ಎಂಪಿಥ್ರೀ ಮಾಡಬೇಕು. ಐದು ನಿಮಿಷದ ಕೆಲಸ."

"ನಿಮಗ ಬರತೈತೇನ್ರಿ?"

"ಲೇ ರತ್ನಾ, ಕಂಪ್ಯೂಟರ್ ಕೋಣಿ ಕೀಲಿ ಯಾರ ಹತ್ರ ಐತಿ?"

ಅವಳು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು. ಆ ವಿಷಯದಲ್ಲಿ ನನಗೆ ಗೌರವದಿಂದ ಸಿಕ್ಕ ಕೊನೆಯ ಚಹಾ ಅದು.

ಫೈಲಿನ ಹೆಸರಿನ ಬಾಲದಲ್ಲಿ ಒಂದು ಚುಕ್ಕೆ, ಚುಕ್ಕೆಯ ಮುಂದೆ ಥ್ರೀಜೀಪಿ ಎಂದಿತ್ತು. ನಾನು ಅದನ್ನು ಅಳಿಸಿ ಎಂಪಿಥ್ರೀ ಎಂದು ಬರೆದೆ. ಕೆಲಸ ಮುಗಿಯಿತು ಅಂದುಕೊಂಡೆ. ಒತ್ತಿದರೆ, "ಈ ಫೈಲನ್ನು ತೆರೆಯಲಾಗದು" ಎಂದು ಬಂತು. ಕೊಟ್ಟೂರಿಗೆ ಹೋಗುವ ಬಸ್ಸಿಗೆ ಹಡಗಲಿ ಬೋರ್ಡು ತೂಗುಹಾಕಿದರೆ ಬಸ್ಸು ಹಡಗಲಿಗೆ ಹೋದೀತೇ? ಈ ವಿಚಾರ ನನಗೆ ಆಮೇಲೆ ಹೊಳೆಯಿತು. ಹತ್ತಾರು ಸಲ ಒತ್ತಿದ ಮೇಲೆ ಹೊಳೆಯಿತು.

ಹೆಸರನ್ನು ಮೊದಲಿನಂತೆ ಮಾಡಿ, ವಿಡಿಯೋವನ್ನು ಆಡಿಯೋ ಮಾಡುವ ಒಂದು ಆ್ಯಪ್ ಇಳಿಸಿಕೊಂಡೆ. ಅದು ನನ್ನ ಫೋಟೋ ನೋಡಲು ಅಪ್ಪಣೆ ಕೇಳಿತು, ಕೊಟ್ಟೆ. ನಾನಿರುವ ಜಾಗ ತಿಳಿಯಲು ಕೇಳಿತು, ಅದನ್ನೂ ಕೊಟ್ಟೆ. ನನ್ನ ಬಂಧುಬಳಗದವರ ನಂಬರೆಲ್ಲ ಕೇಳಿತು. ಬೀಗರು ಕೂಡ ಹೆಣ್ಣು ನೋಡಲು ಬಂದಾಗ ಇಷ್ಟು ಕೇಳಿರಲಿಲ್ಲ! ನಡುನಡುವೆ ಕೂದಲೆಣ್ಣೆಯ ಜಾಹೀರಾತು ತೋರಿಸಿತು. ನನ್ನ ತಲೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ. ಅಂತೂ ನೂರಕ್ಕೆ ನೂರು ಎಂದು ತೋರಿಸಿ ನಿಂತಿತು.

ಹೆಂಡತಿಯನ್ನು ಕರೆದು ಕೂಡಿಸಿ, ಒತ್ತಿದೆ.

ಕಿಚಕಿಚ ಕಿಚಕಿಚ ಎಂದು ಹನ್ನೊಂದು ನಿಮಿಷದ ಹಾಡು ಎರಡು ನಿಮಿಷದಲ್ಲಿ ಓಡಿಹೋಯಿತು.

"ಇದು ನಮ್ಮವ್ವ ಅಲ್ಲರಿ," ಎಂದಳು ರತ್ನ. "ಇದು ಅಳಿಲು."

"ವೇಗ ಸ್ವಲ್ಪ ಹೆಚ್ಚಾಗೈತಿ, ಅಷ್ಟ. ಕಡಿಮಿ ಮಾಡ್ತೀನಿ ತಡಿ."

ಕಡಿಮೆ ಮಾಡಿದೆ. ಸ್ವಲ್ಪ ಜಾಸ್ತಿಯೇ ಕಡಿಮೆ ಆಯಿತು. ಈ ಸಲ ಅತ್ತೆಯವರ ದನಿಯ ಬದಲು ಒಬ್ಬ ದಪ್ಪ ಗಂಟಲಿನ ಗಂಡಸು ನಿಧಾನವಾಗಿ ಜೋಗುಳ ಹಾಡತೊಡಗಿದ. ರತ್ನಳ ಮುಖ ಬಿಳಿಚಿಕೊಂಡಿತು.

"ಬಂದ್ ಮಾಡ್ರಿ ಅದನ್ನ! ಥೇಟ್ ನಮ್ಮಪ್ಪನ ದನಿ!"

ನನ್ನ ಮಾವನವರು ತೀರಿಕೊಂಡು ಹತ್ತು ವರ್ಷವಾಗಿತ್ತು. ಬದುಕಿದ್ದಾಗ ಅವರು ಒಮ್ಮೆಯೂ ತೊಟ್ಟಿಲು ತೂಗಿದವರಲ್ಲ. ಗಾಬರಿಯಲ್ಲಿ ಬಂದ್ ಮಾಡಿದೆ.

ಈ ಹೊತ್ತಿಗೆ ನಾನು ಕೆಲಸ ಬಿಟ್ಟಿದ್ದರೆ ಈ ಕಥೆ ಇಷ್ಟಕ್ಕೇ ಮುಗಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಬಿಡಲಿಲ್ಲ. ಮರುದಿನ ಹಿರೇಹಡಗಲಿಗೆ ಕೊಟ್ರೇಶನಿಗೆ ಫೋನ್ ಹಚ್ಚಿದೆ. ಅವನದು ಗೊಬ್ಬರದ ಅಂಗಡಿ, ಆದರೂ ಮೊಬೈಲಿನ ಬಗ್ಗೆ ಸ್ವಲ್ಪ ತಿಳಿದವನು.

"ಮಾವಾ, ಅದು ಏನಿಲ್ಲ. ಫಾರ್ಮ್ಯಾಟ್ ಬ್ಯಾರೆ ಐತಿ. ಫಾರ್ಮ್ಯಾಟ್ ಚೇಂಜ್ ಮಾಡ್ರಿ, ಮುಗೀತು," ಎಂದ. ಅಷ್ಟರಲ್ಲಿ ಅಂಗಡಿಗೆ ಯಾರೋ ಬಂದರು, ಫೋನ್ ಇಟ್ಟುಬಿಟ್ಟ.

ಫಾರ್ಮ್ಯಾಟ್! ನನಗೆ ಬೇಕಾಗಿದ್ದ ಮಾತು ಸಿಕ್ಕಿತು. ಮೊಬೈಲಿನ ಸೆಟ್ಟಿಂಗ್‌ನಲ್ಲಿ ಹುಡುಕುತ್ತ ಹೋದೆ. ಮೆಮೊರಿ ಕಾರ್ಡಿನ ಹೆಸರು ಒತ್ತಿದಾಗ, ಅದರ ಕೆಳಗೆ ಸಾಕ್ಷಾತ್ ಅದೇ ಪದ ಕೂತಿತ್ತು. ಫಾರ್ಮ್ಯಾಟ್. ಇಷ್ಟು ಸುಲಭದ ಜಾಗದಲ್ಲಿ ಇಟ್ಟುಕೊಂಡು ಜನ ಯಾಕೆ ಇಷ್ಟು ಒದ್ದಾಡುತ್ತಾರೆ ಎಂದು ಆಶ್ಚರ್ಯವಾಯಿತು. ಒತ್ತಿದೆ. "ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ?" ಎಂಬ ಅರ್ಥದ ಇಂಗ್ಲಿಷ್ ಮಾತು ಬಂತು. ನಾನು ಗಣಿತದವನು, ತರ್ಕ ಮಾಡಿದೆ. ಹೊಸ ಫಾರ್ಮ್ಯಾಟ್ ಬರಬೇಕಾದರೆ ಹಳೆಯದು ಅಳಿಯಲೇಬೇಕು ತಾನೇ?

ಒಪ್ಪಿಗೆ ಕೊಟ್ಟೆ.

ಮೂರೇ ಸೆಕೆಂಡು. ಮೊಬೈಲು ಕೆಲಸ ಮುಗಿಯಿತು ಎಂದು ವಿನಯದಿಂದ ತಿಳಿಸಿತು. ಕಾರ್ಡಿನೊಳಗೆ ನೋಡಿದೆ. ವಿಡಿಯೋ ಇಲ್ಲ. ಆಡಿಯೋ ಇಲ್ಲ. ಅತ್ತೆಯವರಿಲ್ಲ, ತೊಟ್ಟಿಲಿಲ್ಲ, ಕೂಸಿಲ್ಲ. ಒಣಗಿದ ಕೆರೆಯ ಹಾಗೆ ಬರಿದೋ ಬರಿದು!

ನನ್ನ ಕಾಲ ಕೆಳಗಿನ ನೆಲ ಸರಿದ ಹಾಗಾಯಿತು. ತಮಾಷೆ ಮಾಡುತ್ತಿಲ್ಲ, ಕಾರ್ಡನ್ನು ತೆಗೆದು ಮತ್ತೆ ಹಾಕಿ ನಾಲ್ಕು ಸಲ ನೋಡಿದೆ. ಒಬ್ಬ ಹೆಣ್ಣುಮಗಳು ಆಯುಷ್ಯವಿಡೀ ಹಾಡಿದ್ದರಲ್ಲಿ ಉಳಿದದ್ದು ಹನ್ನೊಂದು ನಿಮಿಷ. ಅದನ್ನು ಮೂರು ಸೆಕೆಂಡಿನಲ್ಲಿ ಒರೆಸಿ ಹಾಕಿದ್ದೆ, ಅದೂ ಒಪ್ಪಿಗೆ ಕೊಟ್ಟು.

ಆ ದಿನ ರತ್ನಳಿಗೆ ಹೇಳಲಿಲ್ಲ. ಮರುದಿನ ನನ್ನ ಮುಖವೇ ಹೇಳಿತು.

"ಯಾಕ್ರಿ, ರೊಟ್ಟಿ ಹಂಗ ಬಿಟ್ಟೀರಿ? ಮೈಯಾಗ ಹುಷಾರಿಲ್ಲೇನು?"

ಹೇಳಿಬಿಟ್ಟೆ. ಅವಳು ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕೂತೆ. ಬೈಯಲಿಲ್ಲ. ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಕೇಳಿಸಿತು, ಆಮೇಲೆ ಅದೂ ನಿಂತಿತು. ಇಣುಕಿ ನೋಡಿದರೆ ನಲ್ಲಿ ಹರಿಯುತ್ತಿದೆ, ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾಳೆ. ನಮ್ಮ ಮದುವೆಯಾದ ಮೂರು ದಶಕಗಳಲ್ಲಿ ಆಕೆ ನನ್ನನ್ನು ಬೈಯದೆ ಇದ್ದದ್ದು ಅದೊಂದೇ ಸಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬಸ್ ಸ್ಟ್ಯಾಂಡಿನ ಹಿಂದೆ ಮಾಬುಸಾಬರ ಅಂಗಡಿಯಿದೆ. ಒಂದು ಕಾಲಕ್ಕೆ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು, ಈಗ ಮೊಬೈಲು, ಕಂಪ್ಯೂಟರು. ನನಗಿಂತ ಹಿರಿಯರು. ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯ ಮೇಲೆ ಪೆನ್ಸಿಲು. ನಾನು ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡು ಅವರ ಮುಂದೆ ನಿಂತೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತಂತೆ ಇತ್ತು.

"ಏನ್ ಮಾಡೀರಿ ಮಾಸ್ತರ್ರಿ ಇದಕ್ಕ?"

"ಫಾರ್ಮ್ಯಾಟ್ ಚೇಂಜ್ ಮಾಡೀನ್ರಿ."

"ಚೇಂಜ್ ಮಾಡೀರೋ, ಫಾರ್ಮ್ಯಾಟ್ ಮಾಡೀರೋ?"

ನಾನು ಕಾರ್ಡನ್ನು ಮೇಜಿನ ಮೇಲಿಟ್ಟೆ. ಮಾಬುಸಾಬರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಾನು ತರಗತಿಯಲ್ಲಿ ಲೆಕ್ಕ ತಪ್ಪಿದ ಮಕ್ಕಳನ್ನು ನೋಡುವುದು ಥೇಟ್ ಹಾಗೇ.

"ಆಮ್ಯಾಲೆ ಇದರಾಗ ಹೊಸಾದು ಏನರ ಹಾಕೀರೇನು?"

"ಇಲ್ಲರಿ. ಮುಟ್ಟಾಕ ಧೈರ್ಯ ಆಗಲಿಲ್ಲ."

"ಶಾಣ್ಯಾತನ ಮಾಡೀರಿ. ನೋಡ್ರಿ, ನೀವು ಪುಸ್ತಕದ ಮೊದಲನೇ ಹಾಳಿ ಹರದೀರಿ, ಯಾವ ಪಾಠ ಎಲ್ಲೈತಿ ಅಂತ ಬರದದ್ದು. ಪಾಠ ಇನ್ನೂ ಒಳಗ ಅದಾವ. ಹುಡಿಕಿ ತೆಗೀಬೇಕು. ಎರಡು ದಿನ ಬಿಟ್ಟು ಬರ್ರಿ."

ಆ ಎರಡು ದಿನ ನಾನು ಮನೆಯಲ್ಲಿ ಹೇಗಿದ್ದೆ ಎಂದು ಕೇಳಬೇಡಿ. ಹೇಳದೆಯೇ ನೀರು ತುಂಬಿದೆ, ತೊಟ್ಟಿಲಿನ ಹಗ್ಗ ಕಟ್ಟಿದೆ, ಸೊಪ್ಪು ಬಿಡಿಸಿದೆ. ಮೂರನೆಯ ದಿನ ಶಾಲೆ ಬಿಟ್ಟವನೇ ಓಡಿದೆ. ಮಾಬುಸಾಬರು ಮಾತಾಡದೆ ಒಂದು ಗುಂಡಿ ಒತ್ತಿದರು.

ಅತ್ತೆಯವರು ಹಾಡಿದರು!

ಅಳಿಲಲ್ಲ, ಮಾವನವರೂ ಅಲ್ಲ. ಸಾಕ್ಷಾತ್ ಹಾಲವ್ವ. ಅಂಗಡಿಯ ಮುಂದೆ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ಕೇಳಿದರು. ನನ್ನ ಕಣ್ಣು ತುಂಬಿತು, ನಾಚಿಕೆಯಿಲ್ಲದೆ ಒರೆಸಿಕೊಂಡೆ.

"ಮೊದಲು ದನಿ ಭಾಳ ಸಣ್ಣಗಿತ್ತು," ಎಂದರು ಮಾಬುಸಾಬರು. "ಏರಿಸೀನಿ. ಎಲ್ಲಾ ದನಿನೂ ಒಂದ ಮಟ್ಟಕ್ಕ ಬರೂವಂಗ ಮಾಡೀನಿ. ಎಂಪಿಥ್ರೀ ಮಾಡಿ ಪೆನ್‌ಡ್ರೈವಿಗೆ ಹಾಕೀನಿ. ಪೂರ್ತಿ ಒಮ್ಮಿ ಕೇಳಿಬಿಡ್ರಿ."

"ನಮ್ಮತ್ತಿ ಹಾಡು ನನಗ ಗೊತ್ತಿಲ್ಲೇನ್ರಿ ಮಾಬುಸಾಬ್ರ!" ಎಂದು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಮನೆಗೆ ಓಡಿದೆ.

ಎಲ್ಲಾ ದನಿಯೂ ಎಂದರೆ ಯಾವ ಯಾವ ದನಿ ಎಂದು ಕೇಳಬೇಕಿತ್ತು.

ಕಾರ್ಯದ ದಿನ ಮನೆ ತುಂಬಿತು. ಬೀಗರು ಜರಿ ರುಮಾಲು ಸುತ್ತಿ ಮುಂದಿನ ಸಾಲಿನಲ್ಲಿ ಕೂತರು. ಹಿರೇಹಡಗಲಿಯಿಂದ ಕೊಟ್ರೇಶ, ಅವನ ಹೆಂಡತಿ ಶಾಂತಾ ಬಂದರು. ಅತ್ತೆಯವರನ್ನು ತೊಟ್ಟಿಲ ಪಕ್ಕದಲ್ಲೇ ಕುರ್ಚಿ ಹಾಕಿ ಕೂಡಿಸಿದೆವು. ಶಾಮಿಯಾನದವರಿಗೆ ಹೇಳಿ ಆಳೆತ್ತರದ ಎರಡು ಸ್ಪೀಕರ್ ತರಿಸಿದ್ದೆ. ಮೂರು ಓಣಿಗೆ ಕೇಳಲಿ ಎಂದು!

ಕೂಸನ್ನು ತೊಟ್ಟಿಲಿಗೆ ಹಾಕಿದರು. ನಾನು ಮೈಕ್ ಹಿಡಿದು, "ಈಗ ಎಲ್ಲರೂ ಶಾಂತ ಚಿತ್ತದಿಂದ ಆಲಿಸಬೇಕಾಗಿ ವಿನಂತಿ" ಎಂದು ಶುದ್ಧ ಭಾಷೆಯಲ್ಲಿ ಹೇಳಿ, ಹಾಡು ಹಚ್ಚಿದೆ.

ಹಾಲವ್ವನ ದನಿ ಎದ್ದಿತು. ಗದ್ದಲ ಅಡಗಿತು. ಅಡುಗೆಯವರು ಸೌಟು ಹಿಡಿದೇ ಹೊರಗೆ ಬಂದರು. ಬೀಗರು ತಲೆದೂಗಿದರು. "ಎಂಥಾ ಕಂಠ ಕಣ್ರೀ ನಿಮ್ಮತ್ತೇದು!" ಎಂದರು. ರತ್ನ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಎಲ್ಲ ಕ್ಷಮೆಯೂ ಇತ್ತು. ನಾನು ಎದೆಯುಬ್ಬಿಸಿ ನಿಂತೆ. ಮೂರು ನಿಮಿಷ ನನ್ನ ಬದುಕು ಹೀಗೆ ಸುಖವಾಗಿ ನಡೆಯಿತು.

ನಾಲ್ಕನೆಯ ನಿಮಿಷಕ್ಕೆ ಎರಡೂ ಸ್ಪೀಕರಿನಿಂದ, ಜೋಗುಳದ ನಡುವೆ, ಗುಡುಗಿನಂತೆ ಒಂದು ಗಂಡಸಿನ ದನಿ ಬಂತು.

"ಈಕಿ ಹಾಡು ಮುಗಿಯೂದ್ರಾಗ ಕೂಸಿಗೆ ಮೀಸಿ ಬರ್ತಾವ ನೋಡು ಕೊಟ್ರೇಶಿ!"

ನನ್ನ ದನಿ! ಹನ್ನೆರಡು ವರ್ಷದ ಹಿಂದೆ ಮೊಬೈಲು ಹಿಡಿದು ನಿಂತವನು ನಾನು. ಮೈಕಿಗೆ ಎಲ್ಲಕ್ಕಿಂತ ಹತ್ತಿರ ಇದ್ದದ್ದು ನನ್ನ ಬಾಯಿ. ಸೊಳ್ಳೆಯಷ್ಟು ಸದ್ದಿನ ಆ ಮೊಬೈಲಿನಲ್ಲಿ, ಚಿತ್ರ ನೋಡುವ ಗಡಿಬಿಡಿಯಲ್ಲಿ, ಇದು ಯಾರಿಗೂ ಕೇಳಿಸಿರಲಿಲ್ಲ. ಈಗ ಚಿತ್ರವಿಲ್ಲ. ಬರೀ ದನಿ. ಎಲ್ಲಾ ಒಂದೇ ಮಟ್ಟದಲ್ಲಿ!

ಬಂದ್ ಮಾಡಲು ಓಡಿದೆ. ವೈರು ಕಾಲಿಗೆ ತೊಡರಿತು, ಹೂವಿನ ಬುಟ್ಟಿಯ ಮೇಲೆ ಬಿದ್ದೆ. ಸ್ಪೀಕರಿನಲ್ಲಿದ್ದ ನಾನು ಮಾತ್ರ ನಿಲ್ಲಲಿಲ್ಲ.

"ಹಸಿವಿಗೆ ಜೀವ ಹೋಗಾಕತ್ತೈತಿ. ಎಡಿಗಿಟ್ಟ ಹೋಳಿಗ್ಯಾಗ ಎರಡು ಆಗಲೇ ತಿಂದೀನಿ. ನಿಮ್ಮಕ್ಕಗ ಹೇಳಬ್ಯಾಡ!"

ಹೆಂಗಸರ ಸಾಲಿನಿಂದ ಶಾಂತಾ ಎದ್ದು ನಿಂತಳು. ಆವತ್ತು ದೇವರಿಗೆ ಎಡೆಯಿಟ್ಟ ಹೋಳಿಗೆ ಎರಡು ಕಡಿಮೆಯಾಗಿ, ಬಾಣಂತಿ ತಿಂದಿದ್ದಾಳೆ ಎಂದು ಅವಳ ಮೇಲೆ ಮಾತು ಬಂದಿತ್ತು.

"ಅಣ್ಣಾರ! ಹನ್ನೆರಡು ವರ್ಷ ಆತು, ಆ ಹೋಳಿಗಿ ಅಪವಾದ ಹೊತ್ಕೊಂಡು ಅಡ್ಡಾಡಾಕತ್ತೀನಿ! ನೀವೇನು?"

"ಲೇ ಕೊಟ್ರೇಶಿ, ನಿನಗ ಗೊತ್ತಿತ್ತೇನು?" ಎಂದು ರತ್ನ ತಮ್ಮನ ಕಡೆ ತಿರುಗಿದಳು. ಕೊಟ್ರೇಶ ಶಾಮಿಯಾನದ ಕಂಬವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಕಡೆಗೂ ಹೂವಿನಿಂದೆದ್ದು ಹಾಡು ನಿಲ್ಲಿಸಿದೆ. ತಲೆಯ ಮೇಲೆ ಚೆಂಡುಹೂವಿನ ಎಸಳು. ಬೀಗರ ಮುಖ ನೋಡುವ ಧೈರ್ಯವಿಲ್ಲ.

ಆಗ ಅತ್ತೆಯವರು ಕೈಸನ್ನೆ ಮಾಡಿ ರತ್ನಳನ್ನು ಕರೆದರು. ಅವಳು ಬಗ್ಗಿ ಕಿವಿಗೊಟ್ಟಳು. ರತ್ನಳ ತುಟಿ ನಡುಗಿತು. ಅಳುತ್ತಾಳೆಂದು ತಿಳಿದೆ. ನಗು ತಡೆಯುತ್ತಿದ್ದಳು.

"ಏನಂತಾರವ್ವಾ?" ಎಂದು ಬೀಗರೇ ಕೇಳಿದರು.

"'ಇದು ಹೆಣ್ಣು ಕೂಸು, ಮೀಸಿ ಬರೂ ಅಂಜಿಕಿ ಇಲ್ಲ. ಹಾಡು ಪೂರ್ತಿ ಹಚ್ಚಂತ ಹೇಳು ನಿನ್ನ ಗಂಡಗ' ಅಂತಾಳರಿ."

ಶಾಮಿಯಾನ ಹಾರಿಹೋಗುವಂತೆ ಜನ ನಕ್ಕರು. ಬೀಗರ ರುಮಾಲು ಜಾರಿತು. ಹಾಡು ಪೂರ್ತಿ ಹಚ್ಚಿದೆ. ಉಳಿದ ಏಳು ನಿಮಿಷದಲ್ಲಿ ನಾನು ಇನ್ನೇನು ಹೇಳಿರುತ್ತೇನೋ ಎಂದು ದೇವರನ್ನು ನೆನೆಯುತ್ತ ನಿಂತೆ. ಪುಣ್ಯಕ್ಕೆ ಒಂದು ಆಕಳಿಕೆ ಬಿಟ್ಟರೆ ಬೇರೇನೂ ಬರಲಿಲ್ಲ.

ಊಟವಾದ ಮೇಲೆ ಅತ್ತೆಯವರ ಕಾಲು ಮುಟ್ಟಲು ಹೋದೆ. ಅವರು ನನ್ನ ಕೈ ಹಿಡಿದರು. ಅವರ ಬಾಯಿಯ ಹತ್ತಿರ ಕಿವಿ ಒಯ್ದೆ.

"ನನ್ನ ದನಿ ಹಿಂಗಿತ್ತೇನ್ರಿ ಅಳಿಯಂದಿರ?" ಎಂದು ಪಿಸುಗುಟ್ಟಿದರು. "ಹಾಡೂ ಮುಂದ ಕೂಸಿನ ಕಡಿಗೇ ಲಕ್ಷ್ಯ ಇರ್ತಿತ್ತು. ನಾ ಎಂದೂ ಕೇಳಿರಲೇ ಇಲ್ಲ. ಇವತ್ತ ಕೇಳಿದೆ."

ಅಪರೂಪಕ್ಕೆ, ಬೇಕಾದ ಹೊತ್ತಿನಲ್ಲಿ ಸುಮ್ಮನಿದ್ದೆ.

ಆಮೇಲೆ ನಾಲ್ಕು ತಿಂಗಳು ಸುಮಾ ದಿನವೂ ಆ ಹಾಡು ಹಚ್ಚಿ ಕೂಸನ್ನು ಮಲಗಿಸಿದಳು. ಅವಳು ಗಂಡನ ಮನೆಗೆ ಹೊರಡುವ ಹೊತ್ತಿಗೆ ನಾನು ಒಂದು ನಿರ್ಧಾರ ಮಾಡಿದೆ. ಬೀಗರ ಮನೆಯಲ್ಲಿ ನನ್ನ ಹಸಿವಿನ ವಿಷಯ ದಿನಕ್ಕೆ ಮೂರು ಹೊತ್ತು ಕೇಳುವುದು ಬೇಡ. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂದು ವಾರ ಕೂತು, ಆಡಿಯೋ ಕತ್ತರಿಸುವುದನ್ನು ಮಕ್ಕಳ ಪಕ್ಕದಲ್ಲೇ ಕಲಿತೆ. ನನ್ನ ಮಾತೆಲ್ಲ ತೆಗೆದು, ಎರಡು ತುದಿ ಜೋಡಿಸಿ, ಸೇವ್ ಮಾಡಿದೆ. ಎಲ್ಲಿ ಕತ್ತರಿಸಿದೆ ಎಂದು ನನಗೇ ತಿಳಿಯದಷ್ಟು ನಯವಾಗಿ ಬಂದಿತ್ತು. ಜೀವನದಲ್ಲಿ ನಾನು ತಪ್ಪಿಲ್ಲದೆ ಮಾಡಿದ ಮೊದಲ ಕಂಪ್ಯೂಟರ್ ಕೆಲಸ! ಅದನ್ನೇ ಸುಮಾಳ ಮೊಬೈಲಿಗೂ ಹಾಕಿ ಕಳಿಸಿದೆ, ಹಳೆಯದನ್ನು ತೆಗೆದು.

ಮೂರು ದಿನಕ್ಕೆ ಹರಪನಹಳ್ಳಿಯಿಂದ ಫೋನ್ ಬಂತು. ಹಿಂದೆ ಕೂಸು ಕಿರುಚುತ್ತಿತ್ತು.

"ಅಪ್ಪಾ, ಏನ್ ಮಾಡಿದಿ ಆ ಹಾಡಿಗೆ? ಇಕಿ ಮಲಗವಲ್ಲಳು! ನೀ ಬಯ್ಯೂದು ಬಂದ ಕೂಡಲೇ ಕಣ್ಣು ಮುಚ್ಚತಿದ್ದಳು. ಈಗ ಹಾಡು ಮುಗಿಯೂತನಕ ಕಣ್ಣು ಬಿಟ್ಕೊಂಡು ಕಾಯ್ತಾಳ, ನೀ ಬರಲಿಲ್ಲಂದ್ರ ಅಳಾಕ ಶುರು ಮಾಡ್ತಾಳ. ಹಳೇದು ಕಳಸು!"

ನನ್ನ ದನಿಗೆ ಮಕ್ಕಳು ನಿದ್ದೆ ಹೋಗುವುದು ಶಾಲೆಯಲ್ಲಿ ಹೊಸದೇನಲ್ಲ. ಅದು ಬೇಕೇ ಬೇಕೆಂದು ಯಾರಾದರೂ ಅತ್ತದ್ದು ಇದೇ ಮೊದಲು. ಆದರೆ ಹಳೆಯದು ಎಲ್ಲಿದೆ? ಸೇವ್ ಮಾಡುವಾಗ ಹೊಸದನ್ನು ಹಳೆಯದರ ಮೇಲೆಯೇ ಸೇವ್ ಮಾಡಿದ್ದೆ. ಪೆನ್‌ಡ್ರೈವಿನಲ್ಲೂ ಅದೇ. ಮಾಬುಸಾಬರ ಹತ್ತಿರ ಇದ್ದೀತು, ಆದರೆ ಆ ಕನ್ನಡಕದ ಮೇಲಿನ ನೋಟವನ್ನು ಇನ್ನೊಮ್ಮೆ ಎದುರಿಸುವ ಶಕ್ತಿ ನನಗಿರಲಿಲ್ಲ.

"ಮತ್ತೊಮ್ಮಿ ಮಾತಾಡ್ರಿ, ರೆಕಾರ್ಡ್ ಮಾಡೋಣ," ಎಂದಳು ರತ್ನ. ಮೊಬೈಲು ಹಿಡಿದು ನನ್ನ ಎದುರಿಗೆ ಕೂತಳು.

"ಈಕಿ ಹಾಡು ಮುಗಿಯೂದ್ರಾಗ ಕೂಸಿಗೆ ಮೀಸಿ ಬರ್ತಾವ ನೋಡು..."

"ಛೇ, ಪಾಠ ಒಪ್ಪಿಸಿದಂಗ ಆತು. ಸಿಟ್ಟು ಬರಲಿ."

ಇನ್ನೊಮ್ಮೆ ಹೇಳಿದೆ. ಆರು ಸಲ ಹೇಳಿದೆ. ನಿರ್ದೇಶಕಿಗೆ ಒಪ್ಪಿಗೆಯಾಗಲಿಲ್ಲ.

"ಆವತ್ತು ನಿಮಗ ಖರೇ ಹಸಿವಿತ್ತು. ಅದಕ್ಕ ಹಂಗ ಬಂದಿತ್ತು," ಎಂದು ತೀರ್ಪು ಕೊಟ್ಟು, ಬಡಿಸಲು ಇಟ್ಟಿದ್ದ ತಟ್ಟೆಯನ್ನು ಎತ್ತಿಕೊಂಡು ಹೋದಳು. ಮಧ್ಯಾಹ್ನ ಒಂದು ಆಯಿತು, ಎರಡಾಯಿತು. ಒಳಗಿನಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಮೂರು ಗಂಟೆಗೆ ಅವಳು ಮತ್ತೆ ಮೊಬೈಲು ಹಿಡಿದಾಗ, ನಾನು ಅಭಿನಯಿಸಬೇಕಾಗಲಿಲ್ಲ.

"ಹಾಂ! ಬಂತು ನೋಡ್ರಿ, ಇದು!" ಎಂದು ಅಲ್ಲೇ ಮಗಳಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಹಾಲವ್ವನ ಹಾಡು ಒಂದು ಮೊಬೈಲಿನಲ್ಲಿ, ನನ್ನ ಬೈಗಳು ಇನ್ನೊಂದರಲ್ಲಿ ಹಚ್ಚಿದಳಂತೆ. ಕೂಸು ಮಲಗಿತಂತೆ.

ರತ್ನ ತಟ್ಟೆ ತಂದಿಟ್ಟು ಒಳಗೆ ಹೋದಳು. ನಾನು ತುತ್ತೆತ್ತುವ ಮೊದಲು ಮೊಬೈಲಿನ ರೆಕಾರ್ಡಿಂಗ್ ನಿಂತಿದೆಯೇ ಎಂದು ಎರಡು ಸಲ ನೋಡಿದೆ. ಸಾಲದೆಂದು ಅದನ್ನು ಒಯ್ದು ಪಡಸಾಲೆಯ ಆ ಕೊನೆಯಲ್ಲಿ ದಿಂಬಿನ ಕೆಳಗಿಟ್ಟು ಬಂದೆ. ಆಮೇಲೆ ಒಂದು ತುತ್ತು ತಿಂದು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಸಾರಿಗೆ ಉಪ್ಪು ಕಡಿಮಿ ಆಗೈತಿ" ಎಂದೆ.

"ಕೇಳಿಸ್ತು!" ಎಂದು ಅಡುಗೆ ಮನೆಯಿಂದ ಬಂತು.